ಕೂಗದೆ ಹಾಕುವ ಪಟ್ಟು

೧೯೮೬ರಲ್ಲಿ ನಾನು ಕಲ್ಕತ್ತೆಯ ಎಂಟಾಲಿ ಭಾಗದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ದೈಹಿಕ ಶಿಕ್ಷಣದ ಟೀಚರ್ ಆಗಿದ್ದೆ. ನನ್ನ ಊರು ಉಡುಪಿಯ ಹತ್ತಿರ. ಗಂಡನಿಗೆ ಇಲ್ಲಿನ ಬ್ಯಾಂಕಿನಲ್ಲಿ ಕೆಲಸವಿದ್ದುದರಿಂದ ಮದುವೆಯಾದ ವರ್ಷವೇ ಇಲ್ಲಿಗೆ ಬಂದಿದ್ದೆ. ಕರಾಟೆ ಕಲಿತದ್ದು ಇಲ್ಲಿಯೇ, ಅದೂ ಮಗ ಶಾಲೆಗೆ ಹೋಗತೊಡಗಿದ ಮೇಲೆ. ಬ್ಲ್ಯಾಕ್ ಬೆಲ್ಟ್ ಸಿಕ್ಕಿದ ಸುದ್ದಿ ಊರಿಗೆ ಬರೆದಾಗ, ಸೊಸೆಗೆ ಸೊಂಟನೋವಿಗೆ ಡಾಕ್ಟರು ಪಟ್ಟಿ ಕೊಟ್ಟಿದ್ದಾರೆಂದು ನಮ್ಮ ಅತ್ತೆ ನೆರೆಯವರಿಗೆಲ್ಲ ಹೇಳಿದ್ದರಂತೆ. ಶಾಲೆ ಮುಗಿದ ಮೇಲೆ ವಾರಕ್ಕೆ ಮೂರು ಸಂಜೆ ನಾನು ಕೆಲಸಕ್ಕೆ ಹೋಗುವ ಹೆಂಗಸರಿಗಾಗಿ ಸ್ವರಕ್ಷಣೆಯ ತರಗತಿ ನಡೆಸುತ್ತಿದ್ದೆ. ಜಾಗ ನಮ್ಮ ಪಾಡಾ ಕ್ಲಬ್ಬಿನದು, ಅಂದರೆ ಓಣಿಯ ಯುವಕ ಸಂಘದ್ದು. ಕೇರಂ ಆಡುವವರನ್ನು ಎಬ್ಬಿಸಿ ಹೊರಗೆ ಕಳಿಸುವುದೇ ನನ್ನ ಪಾಲಿನ ವಾರ್ಮಪ್ ಆಗಿತ್ತು.

ಕರಾಟೆಯೆಂದರೆ ಹೆಂಚು ಒಡೆಯುವ ವಿದ್ಯೆ ಎಂದು ತಿಳಿದು ಬರುವವರು ಬಹಳ. ನನ್ನ ತರಗತಿಯಲ್ಲಿ ಮೊದಲ ಪಾಠ ಏಟಲ್ಲ, ಕೂಗು. ಜಪಾನಿ ಭಾಷೆಯಲ್ಲಿ ಅದನ್ನು ಕಿಯಾಯ್ ಎನ್ನುತ್ತಾರೆ. ಗಂಟಲಿನಿಂದಲ್ಲ, ಹೊಟ್ಟೆಯ ತಳದಿಂದ ಒಮ್ಮೆಲೇ ಹೊರಡಿಸುವ ದನಿ ಅದು. ಎದುರಾಳಿ ಬೆಚ್ಚುತ್ತಾನೆ, ನಮ್ಮ ಹೆದರಿಕೆ ಇಳಿಯುತ್ತದೆ, ಸುತ್ತಲಿನವರಿಗೆ ಸುದ್ದಿ ಮುಟ್ಟುತ್ತದೆ. ದೂರ ಕಾಯ್ದುಕೋ, ಕೂಗು, ಬಿಡಿಸಿಕೊಂಡು ಹೊರಡು ಎಂದು ನಾನು ಮಗ್ಗಿಯ ಹಾಗೆ ಹೇಳಿಸುತ್ತಿದ್ದೆ. ಹೆಂಗಸರಿಗೆ ಕಾಲೆತ್ತಲು ಕಲಿಸುವುದು ಸುಲಭ, ದನಿ ಎತ್ತಲು ಕಲಿಸುವುದರಲ್ಲಿ ಸಾಕುಸಾಕಾಗುತ್ತದೆ. ಆದರೂ ಎರಡು ಮೂರು ವಾರಗಳಲ್ಲಿ ಎಂಥ ಸಂಕೋಚದವಳೂ ಕೂಗತೊಡಗುತ್ತಿದ್ದಳು. ಶಾಲಿನಿ ಒಬ್ಬಳು ಮಾತ್ರ ಬಾಯಿ ಬಿಡಲಿಲ್ಲ.

ಶಾಲಿನಿ ನಮ್ಮ ಕಡೆಯ ಹುಡುಗಿಯೇ. ಅವಳ ತಂದೆ ರಾಮಕೃಷ್ಣ ರಾಯರು ಉಡುಪಿಯಿಂದ ಬಂದು ಸಿಯಾಲ್ದಾ ಸ್ಟೇಷನ್ನಿನ ಮಗ್ಗುಲಲ್ಲಿ ಇಡ್ಲಿ ದೋಸೆಯ ಸಣ್ಣ ಹೋಟೆಲು ಇಟ್ಟಿದ್ದರು. ಮನೆ ಹೋಟೆಲಿನ ಮಹಡಿಯಲ್ಲೇ. ಅವಳು ಹುಟ್ಟಿ ಬೆಳೆದದ್ದು ಇಲ್ಲೇ ಆದ್ದರಿಂದ ಕನ್ನಡದ ನಡುವೆ ಬಂಗಾಳಿ, ಹಿಂದಿ ನುಸುಳುತ್ತಿದ್ದವು. ಆ ವರ್ಷವಷ್ಟೇ ಕಚೇರಿಗಳೇ ತುಂಬಿದ ಬಿಬಿಡಿ ಬಾಗಿನ ಬ್ಯಾಂಕೊಂದರಲ್ಲಿ ಕ್ಲರ್ಕ್ ಆಗಿ ಸೇರಿದ್ದಳು. ತರಗತಿಗೆ ಒಂದು ದಿನವೂ ತಪ್ಪಿಸಿದವಳಲ್ಲ. ಏಟು ಚುರುಕು, ಕಾಲು ಗಟ್ಟಿ, ಕೂಗು ಮಾತ್ರ ಸೊನ್ನೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಕಿಯಾಯ್ ಇಲ್ಲದ ಕರಾಟೆ ಉಪ್ಪಿಲ್ಲದ ಸಾರು ಎಂದು ಎಲ್ಲರೆದುರೇ ಬೈದೆ. ಅವಳು ತಲೆ ತಗ್ಗಿಸಲೂ ಇಲ್ಲ, ಕೂಗಲೂ ಇಲ್ಲ.

ಜುಲೈ ತಿಂಗಳಿನ ಒಂದು ಸಂಜೆ ತರಗತಿ ಮುಗಿದ ಮೇಲೆ ಅವಳು ಉಳಿದುಕೊಂಡಳು. ಲೋಡ್‌ಶೆಡ್ಡಿಂಗ್ ಆಗಿತ್ತು. ಲಾಂದ್ರದ ಬೆಳಕಿನಲ್ಲಿ ಚಾಪೆ ಸುತ್ತುತ್ತಾ ತನ್ನ ಕಥೆ ಹೇಳಿದಳು. ಬೆಳಿಗ್ಗೆ ಆಫೀಸಿಗೆ ಹೋಗುವ ಬಸ್ಸಿನಲ್ಲಿ ಒಬ್ಬ ಮನುಷ್ಯ ಅವಳ ಹಿಂದೆಯೇ ಬಂದು ನಿಲ್ಲುತ್ತಿದ್ದ. ನಡುವಯಸ್ಸು, ಕನ್ನಡಕ, ಕೈಯಲ್ಲಿ ಟಿಫಿನ್ ಚೀಲ, ನೋಡಲು ಮರ್ಯಾದಸ್ಥ. ನೂಕುನುಗ್ಗಲಿನ ನೆಪದಲ್ಲಿ ಅವನ ಕೈ ಅವಳ ಮೈಮೇಲೆ ಬರುತ್ತಿತ್ತು. ಹೊತ್ತು ಬದಲಿಸಿದಳು, ಬಸ್ಸು ಬದಲಿಸಿದಳು, ಒಂದು ವಾರ ಸುಮ್ಮನಿದ್ದು ಮತ್ತೆ ಅವನು ಪ್ರತ್ಯಕ್ಷನಾಗುತ್ತಿದ್ದ. ಆಫೀಸಿನಲ್ಲಿ ಬೆಳಗಿನ ಹೊತ್ತು ಕೆಲಸದಲ್ಲಿ ತಪ್ಪುಗಳಾಗತೊಡಗಿದ್ದವು. ತಾಯಿಗೆ ಹೇಳಿದ್ದು ತಂದೆಯ ಕಿವಿಗೆ ಬಿತ್ತು. ರಾಯರು ಒಂದೇ ಮಾತಿನಲ್ಲಿ ತೀರ್ಮಾನ ಕೊಟ್ಟಿದ್ದರು: ದುರ್ಗಾಪೂಜೆಯೊಳಗೆ ಇದು ನಿಲ್ಲದಿದ್ದರೆ ರಾಜೀನಾಮೆ ಕೊಟ್ಟು ಹೋಟೆಲಿನ ಗಲ್ಲಾದಲ್ಲಿ ಕೂರಬೇಕು. ಆ ಕೆಲಸಕ್ಕಾಗಿ ಅವಳು ಪಟ್ಟ ಪಾಡು ನನಗೆ ಗೊತ್ತಿತ್ತು. ನನ್ನ ರಕ್ತ ಕುದಿಯಿತು.

ಇಷ್ಟೆಲ್ಲ ಆಗುವಾಗ ಒಂದು ಸಲ ಕೂಗಿದ್ದರೆ ಏನಾಗುತ್ತಿತ್ತು ಎಂದು ನಾನು ಕೇಳಿದೆ. ಬಸ್ಸಿಗೆ ಬಸ್ಸೇ ನಿನ್ನ ಕಡೆ ನಿಲ್ಲುತ್ತಿತ್ತಲ್ಲ ಎಂದೆ.

“ಅದಕ್ಕೇ ಅಕ್ಕ, ನಾನು ಕೂಗುದಿಲ್ಲ” ಎಂದಳು. “ಬೇರೆ ಎಂತಾದ್ರೂ ಹೇಳಿಕೊಡಿ.”

“ನಾಲ್ಕು ಬೀಳಲಿ ಮಾರಾಯ್ತಿ, ಅವನಿಗೆ ಬುದ್ಧಿ ಬರ್ತದೆ.”

“ನಾಲ್ಕಕ್ಕೆ ನಿಲ್ಲುದಿಲ್ಲ ಅಕ್ಕ. ನಾನು ನೋಡಿದ್ದೇನೆ.”

ಈ ಊರಿನಲ್ಲಿ ಗೊನೊಧೋಲಾಯ್ ಎಂಬ ಒಂದು ಮಾತಿದೆ. ಗೊನೊ ಎಂದರೆ ಜನ, ಧೋಲಾಯ್ ಎಂದರೆ ಒಗೆತ. ಕಳ್ಳನೋ ಪೋಕರಿಯೋ ಕೈಗೆ ಸಿಕ್ಕರೆ ಜನ ಸೇರಿ ಬಟ್ಟೆ ಒಗೆದ ಹಾಗೆ ಒಗೆಯುತ್ತಾರೆ. ಚಹಾದ ಅಂಗಡಿಯಲ್ಲಿ ಈ ಮಾತನ್ನು ನಗುತ್ತಲೇ ಹೇಳುತ್ತಾರೆ, ನಾನೂ ನಕ್ಕವಳೇ. ಶಾಲಿನಿ ಚಿಕ್ಕವಳಿದ್ದಾಗ ಅವರ ಹೋಟೆಲಿನ ಎದುರು ಒಬ್ಬ ಜೇಬುಗಳ್ಳ ಸಿಕ್ಕಿಬಿದ್ದಿದ್ದನಂತೆ. ರಾಯರು ಹೆದರಿ ಶಟರ್ ಎಳೆದರು. ಮಹಡಿಯ ಕಿಟಕಿಯಿಂದ ಅವಳು ನೋಡಿದಳು. ಹೊಡೆದವರಲ್ಲಿ ಹೆಚ್ಚಿನವರಿಗೆ ಅವನು ಯಾರ ಜೇಬಿಗೆ ಕೈಹಾಕಿದ್ದನೆಂಬುದೂ ಗೊತ್ತಿರಲಿಲ್ಲ. ಟ್ರೈನು ಇಳಿದು ಬರುವವರು ಎರಡು ಒದ್ದು, ಆಫೀಸಿಗೆ ಹೊತ್ತಾಯಿತೆಂದು ಮುಂದೆ ಹೋಗುತ್ತಿದ್ದರು. ಅವನು ಹೋಟೆಲಿನ ಮೆಟ್ಟಿಲ ಮೇಲೆಯೇ ಸತ್ತ. ಒದ್ದವರಲ್ಲಿ ಒಬ್ಬರು ಅವಳ ಪರಿಚಯದವರು, ಅವಳಿಗೆ ದಿನಾ ಚಾಕಲೇಟು ಕೊಡುತ್ತಿದ್ದವರು. ಮಾರನೆಯ ಬೆಳಿಗ್ಗೆ ಅವರು ಎಂದಿನಂತೆ ಬಂದು ಇಡ್ಲಿ ತಿಂದು ಹೋದರು.

ಇದನ್ನು ಕೇಳಿದ ಮೇಲೂ ನನ್ನ ಸಿಟ್ಟು ಪೂರ್ತಿ ಇಳಿಯಲಿಲ್ಲ. ನಿನ್ನ ಮೈಮೇಲೆ ಕೈಹಾಕಿದವನ ಜೀವದ ಚಿಂತೆ ನಿನಗೇಕೆ ಎಂದು ವಾದಿಸಿದೆ. ಅವಳು ಪಟ್ಟು ಬಿಡಲಿಲ್ಲ. ಅವನು ಪೊಲೀಸರ ಕೈಗೆ ಹೋಗಬೇಕು, ಜನರ ಕೈಗೆ ಹೋಗಬಾರದು, ಕೆಲಸವನ್ನಂತೂ ತಾನು ಬಿಡುವುದಿಲ್ಲ, ಈ ಮೂರಕ್ಕೂ ಒಪ್ಪುವ ಉಪಾಯ ಬೇಕು ಎಂದಳು. ಟೀಚರಿಗೇ ಹೋಂವರ್ಕ್ ಕೊಟ್ಟ ಶಿಷ್ಯೆ ನನಗೆ ಅವಳೊಬ್ಬಳೇ.

ನಾನು ಯೋಚಿಸಿದೆ. ಕಲ್ಕತ್ತೆಯ ಬೆಳಗಿನ ಬಸ್ಸಿನಲ್ಲಿ ದೂರ ಕಾಯ್ದುಕೊಳ್ಳುವ ಮಾತೇ ಇಲ್ಲ. ಒದೆಯಲು ಕಾಲಿಗೆ ಜಾಗವಿಲ್ಲ, ಗುದ್ದಲು ಮೊಣಕೈ ಆಡುವುದಿಲ್ಲ. ಕೂಗೂ ಬೇಡವೆಂದ ಮೇಲೆ ಉಳಿದದ್ದು ಬೆರಳು. ಮೈಮೇಲೆ ಬಂದ ಕೈಯ ಕಿರುಬೆರಳು ಮತ್ತು ಅದರ ಪಕ್ಕದ ಬೆರಳನ್ನು ಒಟ್ಟಿಗೆ ಮುಷ್ಟಿಯಲ್ಲಿ ಹಿಡಿದು, ಅಂಗೈ ಮೇಲಾಗುವಂತೆ ತಿರುಗಿಸಿ ಹಿಂದಕ್ಕೆ ಬಾಗಿಸಿದರೆ ಎಂಥ ಗಟ್ಟಿ ಆಳೂ ಹಿಡಿದವರು ಹೇಳಿದ ಕಡೆ ನಡೆಯುತ್ತಾನೆ. ಸ್ವಲ್ಪ ಬಾಗಿಸಿದರೆ ನೋವು, ಹೆಚ್ಚು ಬಾಗಿಸಿದರೆ ಬೆರಳು ಮುರಿಯುತ್ತದೆ. ಇವೆರಡರ ನಡುವಿನ ಅಂತರ ಕೂದಲೆಳೆಯಷ್ಟು. ಅಲ್ಲಿ ಹಿಡಿದು ನಿಲ್ಲುವುದೇ ಇದರ ವಿದ್ಯೆಯೆಲ್ಲ.

ಕ್ಲಬ್ಬಿನ ಬೆಂಚುಗಳನ್ನು ಎದುರುಬದುರು ಇಟ್ಟು ಹಾಲ್‌ನ ಮೂಲೆಯಲ್ಲಿ ಬಸ್ಸು ಕಟ್ಟಿದೆವು. ತರಗತಿಯ ಹೆಂಗಸರೆಲ್ಲ ಅದರಲ್ಲಿ ತುಂಬಿಕೊಂಡು ನೂಕಾಡುತ್ತಿದ್ದರು. ಶಾಲಿನಿ ಹಿಂದಕ್ಕೆ ತಿರುಗದೆ, ಕೈಯ ಅಂದಾಜಿನಲ್ಲೇ ನನ್ನ ಬೆರಳು ಹುಡುಕಿ ಹಿಡಿಯಬೇಕು. ಕರೆಂಟು ಹೋದರೆ ಇನ್ನೂ ಒಳ್ಳೆಯದು ಎಂದು ಕತ್ತಲೆಯಲ್ಲೂ ಮಾಡಿಸಿದೆ. ಮೊದಮೊದಲು ಹಿಡಿದೊಡನೆ ಸೇಡು ತೀರಿಸುವವಳಂತೆ ಬಾಗಿಸಿಬಿಡುತ್ತಿದ್ದಳು. ನನ್ನ ಬೆರಳು ಬಾತು, ಮನೆಯಲ್ಲಿ ಗಂಡನೇ ತೆಂಗಿನಕಾಯಿ ತುರಿಯಬೇಕಾಯಿತು. ಆಗಸ್ಟ್ ಮುಗಿಯುವ ಹೊತ್ತಿಗೆ ಅವಳ ಹಿಡಿತ ಅಳತೆಗೆ ಬಂತು. ಹಿಡಿದ ಮೇಲೆ ಹೇಳುವ ಮಾತನ್ನೂ ಅಭ್ಯಾಸ ಮಾಡಿಸಿದೆ. ಮೆಲ್ಲನೆಯ ದನಿಯಲ್ಲಿ, ಬಹುವಚನದಲ್ಲಿ, ಸುಮ್ಮನೆ ಇಳಿಯಿರಿ ಎಂದು.

ಸೆಪ್ಟೆಂಬರಿನ ಒಂದು ಶನಿವಾರ ನಮ್ಮ ಶಾಲೆಗೆ ರಜೆ, ಬ್ಯಾಂಕಿಗೆ ಅರ್ಧ ದಿನದ ಕೆಲಸ. ನಾನೂ ಅವಳ ಜೊತೆ ಬಸ್ಸು ಹತ್ತಿದೆ. ಅವಳಾಗಿ ಕರೆಯುವವರೆಗೆ ನಾನು ಮಧ್ಯೆ ಬಾಯಿಹಾಕಬಾರದೆಂದು ಮೊದಲೇ ಮಾತು ಪಡೆದಿದ್ದಳು. ಇಬ್ಬರ ಹಿಂದೆ ನಿಂತಿದ್ದ ನನಗೆ ಅವಳ ಭುಜ ಮಾತ್ರ ಕಾಣುತ್ತಿತ್ತು. ಎರಡು ಸ್ಟಾಪು ದಾಟಿದ ಮೇಲೆ ಟಿಫಿನ್ ಚೀಲದವನು ಹತ್ತಿ, ಜನರನ್ನು ಸರಿಸಿಕೊಂಡು ಅವಳ ಹಿಂದೆ ಬಂದ. ಬೌಬಜಾರಿನ ಹತ್ತಿರ ಬಸ್ಸು ಟ್ರಾಮಿನ ಹಿಂದೆ ಸಿಕ್ಕಿಕೊಂಡು ನಿಂತಿತು. ಶಾಲಿನಿಯ ಭುಜ ಒಮ್ಮೆ ಇಳಿಯಿತು. ಅವನ ಬಾಯಿಂದ ಬಿಕ್ಕಳಿಕೆಯಂಥ ಸಣ್ಣ ಸದ್ದು ಬಂತು.

“ಚುಪ್‌ಚಾಪ್ ನಾಮುನ್” ಎಂದಳು, ಸುಮ್ಮನೆ ಇಳಿಯಿರಿ ಎಂಬ ಅಭ್ಯಾಸದ ಮಾತನ್ನೇ. ಪಕ್ಕದಲ್ಲಿ ನಿಂತಿದ್ದವರೂ ತಲೆ ಎತ್ತಲಿಲ್ಲ.

ಬೆರಳು ಅವಳ ಮುಷ್ಟಿಯಲ್ಲಿದ್ದಂತೆಯೇ ಅವನು ಇಳಿದ, ಜೊತೆಗೇ ಅವಳೂ ಇಳಿದಳು. ಹೆಂಗಸು ಇಳಿಯುತ್ತಿದ್ದಾಳೆ, ಬಸ್ಸು ನಿಧಾನ ಎಂದು ಕಂಡಕ್ಟರ್ ಎಂದಿನ ರಾಗದಲ್ಲಿ ಕೂಗಿ ತಗಡು ಬಡಿದ. ನಾನೂ ಹಿಂದೆಯೇ ಹಾರಿಕೊಂಡೆ. ಮುಂದಿನ ಕೂಡುರಸ್ತೆಯಲ್ಲಿ ಬಿಳಿ ಸಮವಸ್ತ್ರದ ಟ್ರಾಫಿಕ್ ಸಾರ್ಜೆಂಟ್ ಕಾಣುತ್ತಿದ್ದರು. ಅಲ್ಲಿಗೆ ನಡೆದಿದ್ದರೆ ಕೆಲಸ ಮುಗಿಯುತ್ತಿತ್ತು. ಆದರೆ ಫುಟ್‌ಪಾತಿನಲ್ಲಿ ಅವನು ಕೈ ಕಿತ್ತುಕೊಳ್ಳಲು ನೋಡಿದ. ನೋವಿಗೆ ಅಲ್ಲೇ ಮಂಡಿಯೂರಿದ. ಬಸ್ಸಿನ ಬಾಗಿಲಿನಲ್ಲಿ ಜೋತಾಡುತ್ತಿದ್ದ ಹುಡುಗರು ಅದನ್ನು ನೋಡಿದರು. ಏನಾಯಿತು ದೀದಿ ಎಂದು ಒಬ್ಬ ಕೇಳಿದ. ಇನ್ನೊಬ್ಬ ತಾನೇ ಉತ್ತರ ಕೊಟ್ಟುಕೊಂಡ, ಪಕೆಟ್‌ಮಾರ್, ಜೇಬುಗಳ್ಳ ಎಂದು.

ಆ ಮಾತು ಹರಡಿದ ವೇಗವನ್ನು ನಾನು ಇಂದಿಗೂ ಮರೆತಿಲ್ಲ. ಬಸ್ಸಿನಿಂದ, ಟ್ರಾಮಿನಿಂದ, ಅಂಗಡಿಗಳಿಂದ ಜನ ಇಳಿದು ಬಂದರು. ಮೊದಲ ಏಟಿಗೆ ಅವನ ಕನ್ನಡಕ ಹಾರಿತು. ಎರಡನೆಯದು ಕಿವಿಯ ಮೇಲೆ ಬಿತ್ತು. ಯಾರೋ ಛತ್ರಿ ಎತ್ತಿದರು. ನಾಲ್ಕು ಬೀಳಲಿ ಎಂದಿದ್ದ ನನ್ನ ಕಣ್ಣೆದುರೇ ನಾಲ್ಕು ಬಿದ್ದಾಗಿತ್ತು, ಯಾರೂ ನಿಲ್ಲಿಸುವವರಿರಲಿಲ್ಲ. ನಾನು ಜನರ ಹಿಂದೆ ಸಿಕ್ಕಿಬಿದ್ದು, ಎಷ್ಟು ನೂಕಿದರೂ ಒಳಗೆ ಹೋಗಲಾಗದೆ ಒದ್ದಾಡಿದೆ.

ಶಾಲಿನಿ ಕೈ ಬಿಟ್ಟಿದ್ದರೆ ಅವನು ಅವರ ಪಾಲಾಗುತ್ತಿದ್ದ. ಅವಳು ಬಿಡಲಿಲ್ಲ. ಬೆರಳು ಸಡಿಲಿಸಿ ಮಣಿಕಟ್ಟು ಹಿಡಿದು, ಅವನನ್ನು ಮುಚ್ಚಿದ ಅಂಗಡಿಯೊಂದರ ಬಾಗಿಲಿಗೆ ಎಳೆದು ಒತ್ತಿ, ತಾನು ಜನರ ಕಡೆಗೆ ತಿರುಗಿ ನಿಂತಳು. ಛತ್ರಿಯ ಏಟು ಅವಳ ಹೆಗಲಿಗೆ ಬಿತ್ತು. ಆಗ ಅವಳು ಕೂಗಿದಳು.

“ಗಾಯೇ ಹಾತ್ ದೇಬೇನ್ ನಾ!”

ನಾನು ತಿಂಗಳುಗಟ್ಟಲೆ ಬೈದು ಹೊರಡಿಸಲಾಗದ ಕೂಗು ಅದು, ಹೊಟ್ಟೆಯ ತಳದಿಂದ ಬಂದಿತ್ತು. ಮೈಮೇಲೆ ಕೈಹಾಕಬೇಡಿ ಎಂದು ಅರ್ಥ. ಬಂಗಾಳಿಯಲ್ಲಿ ಹೊಡೆಯುವವರಿಗೂ ಇದೇ ಮಾತು, ಹೆಂಗಸನ್ನು ಕೆಟ್ಟದಾಗಿ ಮುಟ್ಟುವವನಿಗೂ ಇದೇ ಮಾತು. ಇಷ್ಟು ತಿಂಗಳು ಬಸ್ಸಿನಲ್ಲಿ ನುಂಗಿಕೊಂಡಿದ್ದ ಮಾತನ್ನು ಅವಳು ಅವನನ್ನು ಬೆನ್ನ ಹಿಂದೆ ಇಟ್ಟುಕೊಂಡು ಊರಿಗೆ ಕೇಳುವಂತೆ ಹೇಳಿದಳು. ಛತ್ರಿಯವರು ಛತ್ರಿ ಇಳಿಸಿದರು. ಗದ್ದಲ ಅರೆಕ್ಷಣ ನಿಂತಿತು. ನನಗೆ ಅಷ್ಟೇ ಸಾಕಾಯಿತು, ಸಂದಿಯಲ್ಲಿ ತೂರಿ ಅವಳ ಪಕ್ಕಕ್ಕೆ ಹೋದೆ. ಇವನು ತನ್ನ ಮೇಲೆ ಕೈಹಾಕಿದವನು, ತಾನೇ ಪೊಲೀಸರಿಗೆ ಕೊಡುತ್ತೇನೆ, ದಾರಿ ಬಿಡಿ ಎಂದು ಅವಳು ಸಾದಾ ದನಿಯಲ್ಲಿ ಹೇಳಿದಳು. ಗೊಣಗಾಟ ಎದ್ದಿತು, ಒಬ್ಬಿಬ್ಬರು ನಮಗೂ ಬೈದರು. ಅಷ್ಟರಲ್ಲಿ ಸಾರ್ಜೆಂಟ್ ಓಡಿ ಬಂದರು.

ಠಾಣೆಯಲ್ಲಿ ಅವಳು ನಡೆದದ್ದನ್ನೆಲ್ಲ ಬರೆದುಕೊಟ್ಟಳು. ಆ ಮನುಷ್ಯ ತನ್ನ ಹೆಂಡತಿ ಮಕ್ಕಳ ಹೆಸರು ಹೇಳಿ ಅತ್ತ. ಅವಳು ದೂರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಬೆಂಚಿನ ಮೇಲೆ ಕುಳಿತು ಅವಳ ಹೆಗಲಿಗೆ ಒದ್ದೆ ಕರವಸ್ತ್ರ ಇಡುತ್ತಿದ್ದಾಗ ನನಗೆ ಮತ್ತೆ ಸಿಟ್ಟು ಬಂತು. ಇಂಥವನಿಗಾಗಿ ನೀನು ಏಟು ತಿನ್ನಬೇಕಿತ್ತೇ ಎಂದೆ.

“ಅವನಿಗಾಗಿ ಅಲ್ಲ ಅಕ್ಕ” ಎಂದಳು. “ಮನೆ ಮೆಟ್ಟಿಲಲ್ಲಿ ಒಬ್ಬ ಸತ್ತಿದ್ದಾನೆ, ಅದನ್ನು ದಿನಾ ದಾಟ್ತೇನೆ. ಇಲ್ಲಿ ಇನ್ನೊಬ್ಬ ಸತ್ತರೆ ನಾನು ಆಫೀಸಿಗೆ ಹೋಗುದು ಹೇಗೆ?”

ಸುದ್ದಿ ತಿಳಿದು ರಾಯರು ಹೋಟೆಲಿನ ಬನಿಯನ್ನಿನ ಮೇಲೆ ಅಂಗಿ ಏರಿಸಿಕೊಂಡು ಓಡಿ ಬಂದಿದ್ದರು. ಬಾಗಿಲಲ್ಲಿ ನಿಂತು ಮಗಳ ಮಾತನ್ನು ಅವರೂ ಕೇಳಿಸಿಕೊಂಡರು. ಬ್ಯಾಂಕಿಗೆ ಇವತ್ತು ರಜೆ ಹೇಳಿದ್ದೀಯಾ ಎಂದು ಕೇಳಿದರು. ಇಲ್ಲ ಎಂದಳು. ಟ್ಯಾಕ್ಸಿ ಕರೆದು, ಜೀವಮಾನದಲ್ಲಿ ಟ್ಯಾಕ್ಸಿ ಹತ್ತದ ರಾಯರು ತಾವೇ ಅವಳನ್ನು ಬಿಬಿಡಿ ಬಾಗಿಗೆ ಬಿಟ್ಟು ಬಂದರು. ರಾಜೀನಾಮೆಯ ಮಾತನ್ನು ಮತ್ತೆ ಎತ್ತಲಿಲ್ಲ. ಸೋಮವಾರ ಅವಳು ಅದೇ ಬಸ್ಸು ಹತ್ತಿದಳು.

ಆಮೇಲೆ ನಿವೃತ್ತಿಯವರೆಗೂ, ನಿವೃತ್ತಿಯ ನಂತರವೂ ನಾನು ಕಲಿಸುತ್ತ ಬಂದಿದ್ದೇನೆ. ಮೊದಲ ಪಾಠ ಈಗಲೂ ಕೂಗೇ. ಜೀವಕ್ಕೆ ಅಪಾಯವೆನಿಸಿದರೆ ಹಿಂದೆಮುಂದೆ ನೋಡದೆ ಕೂಗಿ ಎಂದೇ ಎಲ್ಲರಿಗೂ ಹೇಳುತ್ತೇನೆ, ಶಾಲಿನಿ ಮಾಡಿದ್ದನ್ನು ಮಾಡಿ ಎಂದು ಯಾರಿಗೂ ಹೇಳುವುದಿಲ್ಲ. ಆದರೆ ಕೊನೆಗೆ ಒಂದು ಅಭ್ಯಾಸ ಸೇರಿಸಿದ್ದೇನೆ. ಎದುರಾಳಿಯನ್ನು ಕೆಡವಿದವಳು ಅಲ್ಲಿಂದ ಹೊರಡುವಂತಿಲ್ಲ. ಉಳಿದವರೆಲ್ಲ ಬಿದ್ದವಳನ್ನು ಹೊಡೆಯಲು ನುಗ್ಗುತ್ತಾರೆ, ಗೆದ್ದವಳು ಅವಳ ಮುಂದೆ ನಿಲ್ಲಬೇಕು. ಹೊಸಬರು ಇದರಲ್ಲೇ ಸೋಲುತ್ತಾರೆ. ಗೆದ್ದ ಮೇಲೂ ಇದೆಂಥ ಶಿಕ್ಷೆ ಎಂದು ಕೆಲವರು ಮುಖ ಊದಿಸುತ್ತಾರೆ. ಕೈಗೆ ಸಿಕ್ಕಿದವನು ನಿನ್ನ ಜವಾಬ್ದಾರಿ ಎನ್ನುತ್ತೇನೆ ನಾನು, ಮತ್ತೊಮ್ಮೆ ಮಾಡಿಸುತ್ತೇನೆ.