ಡಯೋಡ್ ಬೇಡವೆನ್ನುವ ವೈರಿಂಗ್ ಮೇಷ್ಟ್ರು

ನಮ್ಮ ಗ್ಯಾರೇಜಿನ ವೈರಿಂಗ್ ಮೇಷ್ಟ್ರು ಕಾರಿಗೆ, ದೂರದಿಂದಲೇ ಎಂಜಿನ್ ಚಾಲೂ ಮಾಡುವ ರಿಮೋಟ್ ಸ್ಟಾರ್ಟರ್ ಕೂರಿಸುವಾಗ ಡ್ಯಾಶ್‌ಬೋರ್ಡಿನ ಅಡಿಗೆ ತಲೆ ತೂರಿಸಿ, ವೈರನ್ನು ಹಲ್ಲಿನಲ್ಲೇ ಸುಲಿದು, ಹೊರಗೆ ಚಾಚಿದ ಕಾಲು ಕುಣಿಸುತ್ತಲೇ ಉಪದೇಶ ಕೊಡುತ್ತಾರೆ. ಸ್ಟಾರ್ಟರಿನ ರಿಲೇ ಸ್ವಿಚ್ಚು ಆಫ್ ಆಗುವಾಗ ಕರೆಂಟು ತಿರುಗಿ ಒದೆಯುತ್ತದೆ, ಅದನ್ನು ತಡೆಯಲು ಅಕ್ಕಿಕಾಳಿನಷ್ಟು ಡಯೋಡ್ ಹಾಕಿ ಎಂದರೆ, "ಅದೆಲ್ಲ ಪುಸ್ತಕದ ಬದನೆಕಾಯಿ ಸಾರ್! ಇಪ್ಪತ್ತು ವರ್ಷದಿಂದ ಬರೀ ಟೇಪ್ ಸುತ್ತಿದೀನಿ, ಏನಾಗಿದೆ?" ಎನ್ನುತ್ತಾರೆ. ತಿಂಗಳೊಳಗೆ ಸ್ಟಾರ್ಟರ್ ಸುಟ್ಟುಕೊಂಡು ಬಂದ ಗಿರಾಕಿಗೆ, "ನಿಮ್ ಬ್ಯಾಟರೀನೇ ಸರಿಯಿಲ್ಲ" ಎಂದು ಮುಖ ಸಿಂಡರಿಸುತ್ತಾರೆ. ಮೊನ್ನೆ ಅವರು ರಜೆಯಲ್ಲಿದ್ದಾಗ, ಏಸಿ ಕೆಟ್ಟಿದೆಯೆಂದು ಬಂದ ಅವರ ಮಗಳ ಕಾರಿನ ಡ್ಯಾಶ್‌ಬೋರ್ಡನ್ನು ನಾನೇ ಬಿಚ್ಚಿದೆ. ಒಳಗೆ ಅಪ್ಪನೇ ಕೂರಿಸಿಕೊಟ್ಟ ರಿಮೋಟ್ ಸ್ಟಾರ್ಟರ್ ಇತ್ತು. ಅದರ ಒಂದೊಂದು ರಿಲೇಗೂ ಒಂದೊಂದು ಡಯೋಡ್, ಪುಸ್ತಕದಲ್ಲಿ ಹೇಳಿದ ಹಾಗೆಯೇ ಬೆಳ್ಳಿ ಗೆರೆ ಪ್ಲಸ್ ಕಡೆಗೇ ಬರುವಂತೆ ಬೆಸುಗೆ ಹಾಕಿತ್ತು.