ಗುರುತು ಬೀಳದ ಬೆರಳು

ಏಡನ್‌ನ ನನ್ನ ಶಾಲೆಯ ಮೇಲೆ ಬಾಂಬು ಬಿದ್ದಾಗ ನಾನು ಮೂರನೇ ತರಗತಿ. ರಜೆಯ ದಿನವಾದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಆದರೆ ಶಾಲೆ ಮತ್ತೆ ತೆರೆಯಲೇ ಇಲ್ಲ. ಅಬ್ಬಾ ಆ ಅರಬ್ ಊರಿನವರು, ಅಮ್ಮಿ ಶಿಡ್ಲಘಟ್ಟದವಳು. ಭಾರತದವರನ್ನು ಕರೆದೊಯ್ಯಲು ಬಂದ ಹಡಗಿಗೆ ಅಮ್ಮಿ ನನ್ನನ್ನು ಹತ್ತಿಸಿಕೊಂಡಳು. ಅಬ್ಬಾ ಅಲ್ಲೇ ಉಳಿದರು. ಕೆಲವು ತಿಂಗಳ ಮೇಲೆ ಅವರ ಫೋನೂ ನಿಂತಿತು.

ಶಿಡ್ಲಘಟ್ಟದಲ್ಲಿ ಮಾಮು ಮನೆಯ ಹಿಂದೆ ರೇಷ್ಮೆ ನೂಲು ತೆಗೆಯುವ ಶೆಡ್ಡಿತ್ತು. ಅಮ್ಮಿ ಅಲ್ಲಿ ಬಿಸಿನೀರಿನ ತೊಟ್ಟಿಯ ಮುಂದೆ ಕೂತಳು. ನನ್ನನ್ನು ಒಂದನೇ ತರಗತಿಯ ಮಕ್ಕಳ ಜೊತೆ ಅ ಆ ತಿದ್ದಲು ಕೂರಿಸಿದರು. ಅವಮಾನಕ್ಕೆ ಕಿಡಿಕಿಡಿಯಾದೆ. ಆ ಹಟಕ್ಕೇ ಓದಿದೆ. ಶಾಲೆ ಬಿಟ್ಟ ಮೇಲೆ ನಾನೂ ತೊಟ್ಟಿಗೆ ಕೈ ಹಾಕಿ, ಬೆಂದ ಗೂಡಿನಿಂದ ಎಳೆ ಹುಡುಕಿ ರಾಟೆಗೆ ಕೊಡುತ್ತಿದ್ದೆ. ಪಿಯುಸಿ ಮುಗಿದಾಗ, ನನ್ನಂಥ ನಿರಾಶ್ರಿತರಿಗೆಂದು ಹೊರದೇಶದ ಕಾಲೇಜೊಂದು ಇಟ್ಟಿದ್ದ ನರ್ಸಿಂಗ್ ಸೀಟು ನನಗೆ ಸಿಕ್ಕಿತು.

ವೀಸಾಕ್ಕೆ ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋದೆವು. ಗಾಜಿನ ಮೇಲೆ ಬೆರಳಿಟ್ಟರೆ ಕೆಂಪು ದೀಪ. ಒರೆಸಿ ಇಟ್ಟೆ, ಒತ್ತಿ ಇಟ್ಟೆ. ಕೆಂಪೇ. ವರ್ಷಗಟ್ಟಲೆ ಬಿಸಿನೀರಿನಲ್ಲಿ ನೆಂದು ಬೆರಳ ಗೆರೆಗಳೇ ಸವೆದುಹೋಗಿದ್ದವು.

“ಕೈ ನೆನೆಸ್ಬೇಡಮ್ಮಾ. ಮುಂದಿನ್ ತಿಂಗ್ಳು ಇನ್ನೊಂದ್ ಚಾನ್ಸ್ ಇದೆ. ಅದೂ ಆಗ್ಲಿಲ್ಲ ಅಂದ್ರೆ ಸೀಟು ಬೇರೆಯವ್ರಿಗೆ ಹೋಗುತ್ತೆ,” ಎಂದರು ಅಲ್ಲಿನ ಮೇಡಂ.

ಅಂದಿನಿಂದ ನಾನು ಲೋಟ ತೊಳೆಯುವಂತೆಯೂ ಇರಲಿಲ್ಲ. ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮದುವೆ ಹೆಣ್ಣಿನ ಹಾಗೆ ಕೂತಿರಬೇಕು. ನನ್ನ ಪಾಲಿನ ಕೆಲಸವನ್ನೂ ಅಮ್ಮಿಯೇ ಮಾಡಿದಳು. ಹೊತ್ತುಹೊತ್ತಿಗೂ ಬೆರಳನ್ನು ಬೆಳಕಿಗೆ ಹಿಡಿದು ಗೆರೆ ಹುಡುಕುತ್ತಿದ್ದೆ. ಹೆಬ್ಬೆರಳಲ್ಲಿ ಕಂಡಂತಾಗುತ್ತಿತ್ತು, ತೋರುಬೆರಳಲ್ಲಿ ಬರೀ ನುಣುಪು.

ಮತ್ತೆ ಬೆಂಗಳೂರಿಗೆ ಹೋಗಬೇಕಾದ ವಾರವೇ ಅಮ್ಮಿಗೆ ಜ್ವರ ಬಂತು. ಶೆಡ್ಡಿನಲ್ಲಿ ಗೂಡು ರಾಶಿ ಬಿದ್ದಿತ್ತು. ಇನ್ನು ತಡವಾದರೆ ಚಿಟ್ಟೆ ಕೊರೆದು ಹೊರಬಂದು ಎಳೆಯೆಲ್ಲ ತುಂಡಾಗುತ್ತದೆ. ಅಮ್ಮಿ ನಡುಗುತ್ತಲೇ ತೊಟ್ಟಿಯ ಮುಂದೆ ಕೂತಿದ್ದಳು. ನೋಡಲಾಗದೆ ಅಂಗಿಯ ತೋಳು ಮಡಚಿ ಪಕ್ಕದಲ್ಲಿ ಕೂತೆ. ಕೈ ನೀರಿಗೆ ತಾಕುವ ಮೊದಲೇ ಮಣಿಕಟ್ಟಿಗೆ ಏಟು ಬಿತ್ತು. ಸಿಟ್ಟು ಬಂದಾಗ ಮಾತ್ರ ಅಮ್ಮಿ ಉರ್ದು ಬಿಟ್ಟು ಕನ್ನಡಕ್ಕೆ ಬರುತ್ತಿದ್ದಳು.

“ಏಳೇ ಮೇಲೆ! ಈ ಕೈನ ನೀರಿಗ್ ಹಾಕಕ್ಕಾ ನಿನ್ನ ಸಮುದ್ರ ದಾಟ್ಸಿದ್ದು?”

“ನೀನೇ ಸತ್ರೆ ಸೀಟು ಯಾರಿಗ್ ಬೇಕು?”

“ಸಾಯಲ್ಲ. ಹೋಗಿ ಓದ್ಕೋ.”

ಓದಲು ಏನಿತ್ತು? ಪರೀಕ್ಷೆಗಳೆಲ್ಲ ಮುಗಿದಿದ್ದವು. ಬಾಗಿಲ ಹೊರಗೆ ಕೂತು ರಾಟೆಯ ಸದ್ದಿಗೆ ಹಲ್ಲು ಕಡಿದೆ.

ಬೆಂಗಳೂರಿನಲ್ಲಿ ಮತ್ತೆ ಅದೇ ಗಾಜು. ಎಡಗೈಗೆ ಹಸಿರು. ಬಲಗೈಯ ತೋರುಬೆರಳಿಗೆ ಕೆಂಪು. ಮೇಡಂ ಬೆರಳನ್ನು ಒರೆಸಿ, ತಾವೇ ಹಿಡಿದು ಒತ್ತಿದರು. ಹಸಿರು.

ಓಡಿಬಂದು, ಹೊರಗೆ ಕಾಯುತ್ತಿದ್ದ ಅಮ್ಮಿಯ ಕೈ ಹಿಡಿದೆ. ಅವಳು ನೋವಿಗೆ ಮುಖ ಕಿವುಚಿ ಕೈಯನ್ನು ಬುರ್ಖಾದೊಳಗೆ ಎಳೆದುಕೊಂಡಳು. ಬಿಡದೆ ಹೊರಗೆಳೆದು ನೋಡಿದೆ: ಬೆರಳ ತುದಿಗಳೆಲ್ಲ ಬಿರಿದು ಚರ್ಮ ಸುಲಿದಿತ್ತು. ಸಂತೋಷಪಡಬೇಕಾದ ಹೊತ್ತಿನಲ್ಲಿ ನನಗೆ ಬಂದದ್ದು ಸಿಟ್ಟು, ಆಮೇಲೆ ಅಳು. ಬಸ್ಸಿನಲ್ಲಿ ಅವಳಿಗೆ ಕಂಬಿ ಹಿಡಿಯಲೂ ಆಗಲಿಲ್ಲ. ಊರು ಬರುವವರೆಗೆ ಅವಳ ಸೊಂಟ ಹಿಡಿದು ನಿಂತಿದ್ದೆ.

ಈಗ ಈ ದೇಶದಲ್ಲಿ ನನಗೆ ಎರಡನೇ ವರ್ಷದ ನರ್ಸಿಂಗ್. ಅಮ್ಮಿಯನ್ನೂ ಕರೆಸಿಕೊಳ್ಳಬಹುದಂತೆ, ಅದಕ್ಕೆ ಮೊದಲು ಅವಳ ಬೆರಳಚ್ಚು ಬೇಕಂತೆ. ತೊಟ್ಟಿಗೆ ಕೈ ಹಾಕಬೇಡ ಎಂದು ಫೋನಿನಲ್ಲಿ ದಿನಾ ಜಗಳವಾಡುತ್ತೇನೆ.

“ಈ ಲಾಟ್ ಗೂಡ್ ಒಂದ್ ಮುಗೀಲಿ ಕಣೇ,” ಎನ್ನುತ್ತಾಳೆ.