ನನ್ನ ಗೀಸರು, ಮಾಲಕಿಯ ಗಿರಣಿ

ಬೆಟಗೇರಿಯಲ್ಲಿ ನಾನೂ ನನ್ನ ಹೆಂಡತಿಯೂ ಬಾಡಿಗೆಗಿದ್ದ ಮನೆಯ ಕೆಳಗೆ ಮಾಲಕಿಯ ಹಿಟ್ಟಿನ ಗಿರಣಿ ಇತ್ತು. ಮೇಲೂ ಕೆಳಗೂ ಸೇರಿ ಒಂದೇ ಮೀಟರು. ಆ ಚಳಿಗಾಲ ನಾನು ಗದಗಿನಿಂದ ನೀರಿನ ಟಾಕಿಯಿಲ್ಲದ ಗೀಸರ್ ತಂದೆ. ನಳ ತಿರುವಿದ ಕೂಡಲೇ ಬಿಸಿನೀರು ಬರುತ್ತದೆಂದು ಅಂಗಡಿಯವನು ಹೇಳಿದ್ದ.

ಕೂಡಿಸಲು ಬಂದ ವೈರಮನ್ ಮೀಟರು ನೋಡಿ ಮುಖ ಸಿಂಡರಿಸಿದ.

"ಇದು ಭಾಳ ಕರೆಂಟ್ ಎಳೀತೈತ್ರಿ ಸರ. ಕರೆಂಟಿನ ಆಫೀಸಿಗೆ ಹೇಳಿ ಮೀಟರಿನ ಲೋಡ್ ಹೆಚ್ಚು ಮಾಡಸ್ರಿ. ಗಿರಣಿ, ಗೀಸರ್ ಎರಡೂ ಕೂಡೇ ನಡದ್ರ ಫ್ಯೂಸ್ ನಿಲ್ಲಂಗಿಲ್ಲ."

"ನಾ ಏನ್ ತಾಸುಗಟ್ಟಲೆ ಜಳಕಾ ಮಾಡ್ತೀನೇನಪಾ? ನೀ ಕೂಡಸು" ಎಂದೆ. ಅವನು ಬಚ್ಚಲಿನವರೆಗೆ ದಪ್ಪ ವೈರು ಎಳೆದು ಹೋದ. ಲೋಡು ಮಾತ್ರ ಹಳೆಯದೇ ಉಳಿಯಿತು.

ಮರುದಿನ ಬೆಳಿಗ್ಗೆ ತಲೆಗೆ ಸೋಪು ಹಚ್ಚಿಕೊಂಡಿದ್ದೆ. ಕೆಳಗೆ ಗಿರಣಿ ಗುರ್ರೆಂದಿತು. ಫಟ್ ಎಂದು ಸದ್ದಾಗಿ ದೀಪ ಹೋಯಿತು, ನಳದಿಂದ ತಣ್ಣೀರು ಸುರಿಯಿತು. ಟವಲ್ ಸುತ್ತಿಕೊಂಡು ಮೆಟ್ಟಿಲ ಮೇಲೆ ಬಂದು ನಿಂತೆ. ಕೆಳಗೆ ಹಿಟ್ಟಿನ ಡಬ್ಬಿ ಹಿಡಿದ ಹೆಂಗಸರ ಪಾಳಿ.

"ಸರ, ಜ್ವಾಳ ಅರ್ಧಕ್ಕ ನಿಂತೈತ್ರಿ" ಎಂದರು ಮಾಲಕಿ.

"ನನ್ನ ಜಳಕಾನೂ ಅರ್ಧಕ್ಕ ನಿಂತೈತ್ರಿ ಅಕ್ಕಾರ" ಎಂದೆ. ಪಾಳಿಯಲ್ಲಿದ್ದವರು ಸೆರಗು ಬಾಯಿಗೆ ಹಿಡಿದುಕೊಂಡರು.

ಅಂದಿನಿಂದ ಒಂದು ಒಪ್ಪಂದವಾಯಿತು. ಸ್ನಾನಕ್ಕೆ ಹೋಗುವ ಮುಂಚೆ ನಾನು ಮೇಲಿನಿಂದ ಕೂಗಬೇಕು, ಮಾಲಕಿ ಗಿರಣಿ ನಿಲ್ಲಿಸಬೇಕು. ಹೀಗಾಗಿ ನನ್ನ ಸ್ನಾನದ ಖಬರು ಓಣಿಗೆಲ್ಲ ಹಬ್ಬಿತು. ಒಮ್ಮೆ ಕಾಯಿಪಲ್ಲೆ ಸಂತೆಯಲ್ಲಿ ಗುರುತಿಲ್ಲದ ಹೆಂಗಸೊಬ್ಬಳು, "ಇವತ್ತ ಜಳಕಾ ಮಾಡಿಲ್ಲೇನ್ರಿ ಸರ? ನಮ್ಮ ಹಿಟ್ಟು ಜಲ್ದಿ ಬಂತು" ಎಂದು ಕೇಳಿದಳು. ಹೆಂಡತಿ ನನ್ನನ್ನು ಅಲ್ಲೇ ಬಿಟ್ಟು ಮುಂದೆ ನಡೆದಳು.

ಲಕ್ಷ್ಮೇಶ್ವರದಿಂದ ಮಾವನವರು ಬಂದಾಗ ವಿಷಯ ಕೈಮೀರಿತು. ಅವರು ಮಂತ್ರ ಹೇಳುತ್ತ ನಿಧಾನವಾಗಿ ಸ್ನಾನ ಮಾಡುವವರು. ಕೆಳಗಿನ ಪಾಳಿಯಿಂದ ಯಾರೋ ಕೂಗಿದರು: "ಮಾವನೋರ್ದು ಇನ್ನೂ ಎಷ್ಟೊತ್ತ್ರೀ?"

ಮಂತ್ರ ನಿಂತಿತು. ಹೊರಗೆ ಬಂದ ಮಾವ ನನ್ನ ಮುಖ ನೋಡಲಿಲ್ಲ. ಮಗಳಿಗೆ, "ಈ ಮನ್ಯಾಗ ಜಳಕಾ ಮಾಡಾಕ ಓಣಿ ಮಂದೀನ್ನ ಕೇಳ್ಬೇಕೇನವಾ?" ಎಂದರು.

ಅಂದೇ ನನ್ನ ಹೆಂಡತಿ ಮಾಲಕಿಯನ್ನು ಕರೆದುಕೊಂಡು ಕರೆಂಟಿನ ಆಫೀಸಿಗೆ ಹೋದಳು. ಕೆಲವು ವಾರಗಳಲ್ಲಿ ಗಿರಣಿಗೆ ಬೇರೆ ಮೀಟರು ಬಂತು, ಕಂಬದಿಂದ ಹೊಸ ವೈರೂ ಬಂತು. ಗಿರಣಿ ನಡೆಯುತ್ತಿರುವಾಗಲೇ ನಾನು ಮನಸಾರೆ ಬಿಸಿನೀರು ಸುರಿದುಕೊಂಡು ಕೆಳಗಿಳಿದೆ.

ಮಾಲಕಿ ನನ್ನ ಒದ್ದೆ ತಲೆ ನೋಡಿ ಸ್ವಲ್ಪ ಬೇಸರದಿಂದಲೇ ಹೇಳಿದರು: "ಆತಾ ಜಳಕಾ? ನಮಗ ಗೊತ್ತಽ ಆಗಲಿಲ್ಲ ನೋಡ್ರಿ."